ಅಕ್ಬರನ ಬೀಗ

ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನಲ್ಲಿ ನನ್ನ ಮಗಳ ಮನೆಯ ಪಕ್ಕಕ್ಕೆ ಒಬ್ಬರು ಅಜ್ಜಾರು ಇದ್ದರು. ಈಗಿಲ್ಲ. ಅವರ ಬಗ್ಗೆ ಬರೆಯಬೇಕೆಂದು ಕೂತರೆ ಮೊದಲು ಮೊಮ್ಮಗನ ಮುಖವೇ ಕಣ್ಣಮುಂದೆ ಬರುತ್ತದೆ, ಏನು ಮಾಡಲಿ. ಅವನು ಹುಟ್ಟದೇ ಇದ್ದಿದ್ದರೆ ನಾನು ಈ ದೇಶಕ್ಕೆ ಬರುತ್ತಲೇ ಇರಲಿಲ್ಲ. ಆ ಅಜ್ಜಾರು ಯಾರೋ, ನಾನು ಯಾರೋ ಆಗಿಬಿಡುತ್ತಿದ್ದೆವು. ನಾನು ಕಲಿತದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಎಲ್ಲಾದರೂ ಶಬ್ದ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ಮಗಳಿಗೆ ಮೊದಲನೆಯದು ಹೆಣ್ಣು, ಶಿವಾನಿ. ಅವಳಾದ ಮೇಲೆ ದೇವರು ಎಷ್ಟೋ ವರ್ಷ ಸುಮ್ಮನಿದ್ದು ಈ ಕೂಸನ್ನು ಕೊಟ್ಟ. ಕೊರೊನಾ ಸ್ವಲ್ಪ ಇಳಿದು ವಿಮಾನ ಬಿಟ್ಟ ಕೂಡಲೇ ಅಂಟಿನ ಉಂಡಿಯ ಡಬ್ಬಿ ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ಬಾಣಂತನಕ್ಕೆ ಬಂದೆ. ಬಸು ಎಂದು ಕರೆಯುತ್ತೇವೆ ಅವನನ್ನು. ಕಿವಿ ನಮ್ಮ ಯಜಮಾನರದ್ದೇ. ಅವರು ತೀರಿಕೊಂಡು ಬಹಳ ದಿನವಾಯಿತು, ಆ ಕಿವಿ ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ತಿರುಗಿ ಹುಟ್ಟಿಬಂದಿದೆ. ಮೊಣಕಾಲು ನೋವು ಎನ್ನುತ್ತಲೇ ಅವನನ್ನು ಎತ್ತಿಕೊಂಡು ತಿರುಗುತ್ತಿದ್ದೆ. ಎರೆಯುವುದು, ಒರೆಸುವುದು, ತೂಗುವುದು, ಇಷ್ಟರಲ್ಲೇ ದಿನ ಮುಗಿದು ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಅವನು ಒಮ್ಮೆ ಬೊಚ್ಚು ಬಾಯಿ ತೆರೆದು ನಕ್ಕರೆ ಮತ್ತೆ ಎದ್ದು ನಿಲ್ಲುತ್ತಿದ್ದೆ. ಇರಲಿ. ಅಜ್ಜಾರ ಮಾತಿಗೆ ಬರುತ್ತೇನೆ.

ಅವರನ್ನು ಮೊದಲು ನೋಡಿದ್ದು ಕಸದ ಗಾಡಿ ಬರುವ ದಿನ. ಇಲ್ಲಿ ಒಂದೊಂದು ಮನೆಗೆ ಮೂರು ಬಣ್ಣದ ಮೂರು ಡಬ್ಬಿ, ಆಳೆತ್ತರದವು. ಗಾಡಿ ಹೋದ ಮೇಲೆ ಅವನ್ನು ಒಳಗೆ ಎಳೆದುಕೊಳ್ಳಬೇಕು. ಎಂಬತ್ತು ದಾಟಿದ ಮುದುಕರು, ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ತಮ್ಮದಲ್ಲದೆ ನಮ್ಮ ಡಬ್ಬಿಗಳನ್ನೂ ಎಳೆದು ತರುತ್ತಿದ್ದರು. ಯಾರೂ ಹೇಳಿದ್ದಲ್ಲ. ಶಿವಾನಿ ನನಗೆ ಕಲಿಸಿಕೊಟ್ಟಿದ್ದ ಒಂದೇ ಇಂಗ್ಲಿಷನ್ನು ಅವರ ಮೇಲೆ ಬಿಟ್ಟೆ: "ಹೌ ಆರ್ ಯು?"

ಅವರು ನಿಂತು, ಉಸಿರು ತೆಗೆದುಕೊಂಡು, ಏನೋ ಉದ್ದಕ್ಕೆ ಹೇಳಿದರು. ಮಗಳು ಬಾಗಿಲಲ್ಲಿ ನಿಂತು ನಕ್ಕಳು.

"ಏನಂದ್ರವಾ?"

"ದೂರು ಭಾಳ ಅದಾವಂತ ಅವ್ವ. ಆದ್ರ ಸಿಟಿಯವರು ಅದಕ್ಕ ನಾಕನೇ ಡಬ್ಬಿ ಕೊಟ್ಟಿಲ್ಲಂತ."

ಅಂಥ ಮನುಷ್ಯ. ನಗಿಸುವಾಗಲೂ ಮುಖದಲ್ಲಿ ನಗು ಇರುತ್ತಿರಲಿಲ್ಲ. ಮುಂಜಾನೆ ಬೋಗುಣಿಯಂಥ ಒಂದು ಬಕೆಟ್ಟನ್ನು ಬೋರಲು ಹಾಕಿ, ಲಿಂಬೆಗಿಡದ ಬುಡದಲ್ಲಿ ಅದರ ಮೇಲೆ ಕೂತು ನೀರು ಬಿಡುತ್ತಿದ್ದರು. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ "ಟಯರ್ಡ್, ಮೇಡಂ" ಎನ್ನುತ್ತಿದ್ದರು. ನಾನು "ನನಗೂ ಸಾಕಾಗೈತ್ರೀ ಅಜ್ಜಾರ" ಎನ್ನುತ್ತಿದ್ದೆ. ಅವರು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಬೇಲಿಯ ಈಚೆ ಆಚೆ ನಿಂತು ಬಹಳ ಹೊತ್ತು ಮಾತಾಡುತ್ತಿದ್ದೆವು.

"ಅವ್ವ, ಏನ್ ತಿಳೀತೈತಿ ನಿಮ್ಮಿಬ್ಬರಿಗೂ?" ಎಂದು ಮಗಳು ಚೇಷ್ಟೆ ಮಾಡುತ್ತಿದ್ದಳು.

"ತಿಳಿಯೂದೇನೈತಿ. ಅವರಿಗೂ ಮೊಣಕಾಲು ನೋವು, ನನಗೂ ಮೊಣಕಾಲು ನೋವು."

ಒಂದು ದಿನ ಅಂಟಿನ ಉಂಡಿ ಕೊಟ್ಟೆ. ಮೂಸಿ ನೋಡಿ, ಅರ್ಧ ಕಡಿದು, ಕಣ್ಣು ಮುಚ್ಚಿ ಅಗಿದರು. ಆಮೇಲೆ ಶಿವಾನಿಯ ಹತ್ತಿರ ಕೇಳಿದರಂತೆ, ಇದನ್ನು ತಿನ್ನಲಿಕ್ಕೆ ಈ ದೇಶದಲ್ಲಿ ಪರವಾನಗಿ ಇದೆಯೇ ಎಂದು. ಮರುದಿನ ಖಾಲಿ ಡಬ್ಬಿಯ ತುಂಬ ಲಿಂಬೆಹಣ್ಣು ತುಂಬಿ ತಂದು ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದರು.

ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು, ಅವಳಿಗೂ ತಲೆಗೂದಲು ಬೆಳ್ಳಗಾಗಿದೆ, ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಮನೆ. ರವಿವಾರ ಕಾರು ಹೊಡೆದುಕೊಂಡು ಬರುತ್ತಿದ್ದಳು. ಬಂದಾಗೆಲ್ಲ ತಂದೆ ಮಗಳು ಅಂಗಳದಲ್ಲಿ ಕೂತು ಮಾತಾಡುವರು, ಮಾತು ಏರುವುದು, ಕೊನೆಗೆ ಅಜ್ಜಾರು ಕೈ ಅಡ್ಡ ಆಡಿಸಿ ಒಳಗೆ ಹೋಗಿಬಿಡುವರು. ಒಮ್ಮೆ ಆಕೆ ನಮ್ಮ ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತು ಕಣ್ಣೀರು ಒರೆಸಿಕೊಂಡಳು. ಆಗ ನನ್ನ ಮಗಳ ಬಾಯಿಂದ ನನಗೆ ಕತೆ ತಿಳಿಯಿತು.

ಅವರು ಯಹೂದಿಗಳು. ಮೂಲ ಊರು ವಿಯೆನ್ನಾ. ಹಿಟ್ಲರನ ಹೆಸರು ನನಗೆ ಗೊತ್ತಿದ್ದುದು ನಮ್ಮೂರ ಸಾಲೆಯ ಬಡಿಯುವ ಮಾಸ್ತರಿಗೆ ಹುಡುಗರು ಇಟ್ಟ ಅಡ್ಡಹೆಸರಾಗಿ. ಅವನು ಮಾಡಿದ್ದೇನು ಎಂದು ಮಗಳು ಬಿಡಿಸಿ ಹೇಳಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಅಜ್ಜಾರು ಇನ್ನೂ ಎರಡರ ಕೂಸಿದ್ದಾಗ ತಂದೆ ತಾಯಿ ಹೇಗೋ ಮಾಡಿ ಮುಂಬೈ ಹಡಗಿಗೆ ಚೀಟಿ ಹೊಂದಿಸಿದರಂತೆ. ಹೊರಡುವ ಹೊತ್ತಿಗೆ ದೊಡ್ಡ ಮಗಳಿಗೆ ಮೈಯೆಲ್ಲ ಕೆಂಪು ಗುಳ್ಳೆ, ಜ್ವರ. ಅಂಥ ಮಗುವನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಇದೊಂದು ಹಡಗು ತಪ್ಪಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಗುಣವಾದ ಮೇಲೆ ಅಜ್ಜಿಯ ಜೊತೆ ಮುಂದಿನ ಹಡಗಿಗೆ ಬರಲಿ ಎಂದು ಬಿಟ್ಟು ಬಂದರು. ಅಷ್ಟರಲ್ಲಿ ಯುದ್ಧ ಸುರುವಾಯಿತು. ಮುಂದಿನ ಹಡಗು ಬರಲೇ ಇಲ್ಲ. ಅಜ್ಜಿ ಮೊಮ್ಮಗಳನ್ನು ಒಂದು ರೈಲಿಗೆ ತುಂಬಿ ಎಲ್ಲಿಗೋ ಒಯ್ದರು. ಅಲ್ಲಿಂದ ಯಾರೂ ತಿರುಗಿ ಬರಲಿಲ್ಲ. ಆ ಹುಡುಗಿಯ ಹೆಸರು ಲಿಲ್ಲಿ.

ತನಗೆ ಒಬ್ಬ ಅಕ್ಕ ಇದ್ದಳು ಎಂಬುದೇ ಅಜ್ಜಾರಿಗೆ ಗೊತ್ತಿರಲಿಲ್ಲ. ಇಂಡಿಯಾದಿಂದ ಅಮೆರಿಕಕ್ಕೆ ಬಂದು, ಮೀಸೆ ಬಂದ ಮೇಲೆ, ಯಾರೋ ಅತ್ತೆಯ ಮನೆಯಲ್ಲಿ ಒಂದು ಫೋಟೋ ನೋಡಿದರು. ಒಬ್ಬ ಹುಡುಗಿ ಇವರನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಅದನ್ನು ತಂದು ತಾಯಿಯ ಮುಂದೆ ಇಟ್ಟು ಯಾರಿವಳು ಎಂದು ಕೇಳಿದರಂತೆ. ತಾಯಿ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರಂತೆ. ಸಾಯುವವರೆಗೂ ಆ ಹೆಸರು ಆಕೆಯ ಬಾಯಿಂದ ಬರಲಿಲ್ಲ. ಮಗನಿಗೆ ಸಿಟ್ಟು ಬಂತು. ಬಂದ ಸಿಟ್ಟು ಹೋಗಲಿಲ್ಲ.

ಈಗ ಅಜ್ಜಾರ ಮಗಳ ಹಟ ಏನೆಂದರೆ, ಲಾಸ್ ಏಂಜಲೀಸ್‌ನಲ್ಲಿ ಅಜ್ಜಾರ ತಾಯಿಯ ಸಮಾಧಿಯ ಕಲ್ಲಿದೆ, ಅದರ ಮೇಲೆ ಲಿಲ್ಲಿಯ ಹೆಸರನ್ನೂ ಕೆತ್ತಿಸಬೇಕು. ಸಮಾಧಿ ಇಲ್ಲದೆ ಹೋದವರ ಹೆಸರನ್ನು ಹೀಗೆ ಮನೆಯವರ ಕಲ್ಲಿನ ಮೇಲೆ ಬರೆಸುವ ವಾಡಿಕೆ ಅವರಲ್ಲಿದೆಯಂತೆ. ಅಪ್ಪ ಒಪ್ಪುವುದಿಲ್ಲ. "ನನ್ನ ತಾಯಿಗೆ ಬಾಯಿ ಇತ್ತು. ಆಕೆ ಹೇಳಲಿಲ್ಲ. ಆಕೆಯ ಕಲ್ಲಿನ ಮೇಲೆ ಹೇಳಲಿಕ್ಕೆ ನಾನು ಯಾರು?" ಎನ್ನುತ್ತಾರೆ. ಅಪ್ಪನ ಕಾಲ ಮುಗಿದರೆ ಆ ಹುಡುಗಿ ಇದ್ದಳು ಎಂಬುದಕ್ಕೆ ಈ ಭೂಮಿಯ ಮೇಲೆ ಒಂದು ಗುರುತೂ ಉಳಿಯುವುದಿಲ್ಲ ಎಂದು ಮಗಳ ಸಂಕಟ.

"ಆ ವಿಷಯ ತಗದ್ರ ಅವರು ಅಕ್ಬರನ ಬೀಗ ಅಂತಾರಂತ ಅವ್ವ," ಎಂದಳು ನನ್ನ ಮಗಳು. "ಅವರ ಮನ್ಯಾಗ ಮಾತಾಡಬಾರದ್ದು ಯಾವುದೈತಿ ಅದಕ್ಕೆಲ್ಲ ಅಕ್ಬರನ ಬೀಗ ಅನ್ನೂದು ರೂಢಿಯಂತ."

"ಯಹೂದಿಯರ ಮನ್ಯಾಗ ಅಕ್ಬರ್ ಯಾಕ ಬಂದ?"

"ನಾ ಏನ್ ಬಲ್ಲೆ."

ಬಸುವಿಗೆ ಕೂರಲು ಬರುವ ಹೊತ್ತಿಗೆ ಒಂದು ಹೊಸ ರಗಳೆ ಸುರುವಾಗಿತ್ತು. ಶಿವಾನಿ ಶಾಲೆಗೆ ಹೋದರೆ ಅವನಿಗೆ ಮನೆ ಬೇಡ. ಬಾಗಿಲ ಕಡೆ ಕೈ ಮಾಡಿ ಅಳುತ್ತಿದ್ದ. ಒಂದು ಮಧ್ಯಾಹ್ನ ಅವನನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಅಂಗಳದಲ್ಲಿ ತಿರುಗಾಡುತ್ತಿದ್ದೆ. ಅಜ್ಜಾರು ಗಿಡಕ್ಕೆ ನೀರು ಬಿಡುತ್ತಿದ್ದರು.

"ಅಳಬ್ಯಾಡೋ ನನ್ನ ರಾಜಾ. ಅಕ್ಕ ಬರ್ತಾಳ. ಸುಮ್ಕಿರು, ಅಕ್ಕ ಬರ್ತಾಳ."

ನೀರಿನ ಪೈಪು ಬಿದ್ದ ಸದ್ದಾಯಿತು. ನೋಡಿದರೆ ಅಜ್ಜಾರು ಎದ್ದು ನಿಂತಿದ್ದಾರೆ, ನೀರು ರಸ್ತೆಗೆ ಹರಿಯುತ್ತಿದೆ, ಅವರಿಗೆ ಪರಿವೆ ಇಲ್ಲ.

"ಅಗೇನ್, ಮೇಡಂ," ಎಂದರು.

ಉಯ್ಯಾಲೆ ತೂಗುವಾಗ ಶಿವಾನಿ ಅದನ್ನೇ ಹೇಳುವುದರಿಂದ ಆ ಶಬ್ದ ನನಗೆ ಗೊತ್ತಿತ್ತು. ಮತ್ತೆ ಅಂದೆ. ಅವರು ತುಟಿ ಅಲ್ಲಾಡಿಸಿ ನನ್ನ ಹಿಂದೆಯೇ ಅಂದರು, "ಅಕ್ಕಬರ್ತಾಳ." ನನ್ನ ಅಳಿಯ ಮೈಸೂರು ಕಡೆಯವನು, ಅವನು "ಬರ್ತಾಳೆ" ಎನ್ನುತ್ತಾನೆ. ಅಜ್ಜಾರು ಹಾಗೆ ಅನ್ನಲಿಲ್ಲ. ನಮ್ಮ ಊರಿನ ಹೆಂಗಸರು ಹೇಗೆ ಅನ್ನುತ್ತಾರೋ ಹಾಗೇ ಅಂದರು. ಆ ಬಿಳಿ ಮುದುಕರ ಬಾಯಲ್ಲಿ ನಮ್ಮ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಕೂಸು ಕೂಡ ಅಳು ನಿಲ್ಲಿಸಿ ಅವರನ್ನೇ ನೋಡಿತು.

ಅವರು ಕೂಡಲೇ ತಮ್ಮ ಮಗಳಿಗೆ ಫೋನ್ ಮಾಡಿದರು. ಸ್ಯಾನ್ ಡಿಯಾಗೋದಿಂದ ಸಂಜೆಯ ಟ್ರಾಫಿಕ್ಕಿನಲ್ಲೇ ಆಕೆ ಹೊರಟು ಬಂದಳು. ನನ್ನ ಮಗಳೂ ವಾಲ್‌ನಟ್ ಎಂಬ ಊರಲ್ಲಿ ತಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಆಗಷ್ಟೇ ಬಂದಿದ್ದಳು. ಎಲ್ಲರೂ ನಮ್ಮ ಅಡಿಗೆಮನೆಯ ಮೇಜಿನ ಸುತ್ತ ಕೂತೆವು. ಅಜ್ಜಾರು ಹೇಳಿದರು, ನನ್ನ ಮಗಳು ಕನ್ನಡ ಮಾಡಿದಳು.

ಮುಂಬೈಗೆ ಇಳಿದ ಮೇಲೆ ಅವರ ತಂದೆಗೆ ಯಾವುದೋ ಸಣ್ಣ ಊರಿನ ನೂಲಿನ ಗಿರಣಿಯಲ್ಲಿ ಮಶೀನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಯುದ್ಧ ಸುರುವಾದ ಕೂಡಲೇ, ನೀನು ಜರ್ಮನ್ ಪಾಸ್‌ಪೋರ್ಟಿನವನು, ವೈರಿ ದೇಶದವನು ಎಂದು ಇಂಗ್ಲಿಷರು ಅವರನ್ನು ಕ್ಯಾಂಪಿಗೆ ಒಯ್ದರು. "ಅಲ್ಲಿ ನಮ್ಮನ್ನು ಯಹೂದಿಗಳು ಅಂದರು. ಇಲ್ಲಿ ಜರ್ಮನ್ನರು ಅಂದರು. ನೀವು ಯಾರು ಅಂತ ನಮ್ಮನ್ನು ಯಾರೂ ಕೇಳಲಿಲ್ಲ," ಎಂದರು ಅಜ್ಜಾರು. ತಂದೆ ಬಿಡುಗಡೆಯಾಗಿ ಬರುವವರೆಗೂ ಮನೆಯಲ್ಲಿ ತಾಯಿ, ಈ ಕೂಸು, ನೋಡಿಕೊಳ್ಳಲು ಒಬ್ಬ ಆಯಾ. ಆ ಊರಿನದು ಅವರಿಗೆ ನೆನಪಿರುವುದು ಇಷ್ಟೇ: ಗಿರಣಿಯ ಭೋಂಗಾದ ಕೂಗು, ಆಯಾಳ ಕೈಬಳೆ, ಮತ್ತು ಸಂಜೆ ಹೊತ್ತು ಅವಳು ಇವರನ್ನು ಕಂಕುಳಲ್ಲಿ ಕೂರಿಸಿಕೊಂಡು ಗೇಟಿನ ಬಳಿ ನಿಂತು ಹೇಳುತ್ತಿದ್ದ ಈ ಒಂದು ಮಾತು. ಮುಂದೆ ಮುಂಬೈಗೆ, ಅಲ್ಲಿಂದ ಅಮೆರಿಕಕ್ಕೆ. ಉಳಿದದ್ದೆಲ್ಲ ಮರೆತುಹೋಯಿತು. ಇದೊಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಉಳಿಯಿತು.

ಮನೆಯಲ್ಲಿ ಯಾವಾಗಲೂ ಬಾಂಬೆ, ಬಾಂಬೆ ಎನ್ನುತ್ತಿದ್ದರಂತೆ. ಆಗ ನಮ್ಮ ಕಡೆಯೆಲ್ಲ ಮುಂಬೈ ಪ್ರಾಂತವೇ ತಾನೇ, ಇವರಿಗೆ ಹೇಗೆ ಗೊತ್ತಾಗಬೇಕು. ಅದು ಹಿಂದಿ ಎಂದು ತಿಳಿದು, ಲಾಸ್ ಏಂಜಲೀಸ್‌ನಲ್ಲಿ ಕಂಡ ಕಂಡ ಇಂಡಿಯಾದವರನ್ನೆಲ್ಲ ಕೇಳಿದರು. ಮೋಟೆಲ್ಲಿನವರು ತಲೆ ಅಲ್ಲಾಡಿಸಿದರು. ಕಿರಾಣಿ ಅಂಗಡಿಯವರು ನಕ್ಕರು. ಕೊನೆಗೆ ದಿಲ್ಲಿ ಕಡೆಯ ಒಬ್ಬ ಹಲ್ಲಿನ ಡಾಕ್ಟರು, ಇವರ ಬಾಯಿ ತೆರೆಸಿಕೊಂಡು ಕೂತವನು, ಯೋಚನೆ ಮಾಡಿ ಹೇಳಿದನಂತೆ: ಅಕ್ಬರ್ ನಮ್ಮ ದೊಡ್ಡ ಬಾದಶಹ, ತಾಲಾ ಎಂದರೆ ಬೀಗ, ಹಾಗಾಗಿ ಇದು ಅಕ್ಬರನ ಬೀಗ. ಅಜ್ಜಾರು ನಂಬಿದರು. ತಾಯಿ ಬಾಯಿಗೆ ಹಾಕಿಕೊಂಡ ಬೀಗಕ್ಕೆ ಒಳ್ಳೆಯ ಹೆಸರು ಸಿಕ್ಕಿತು ಎಂದು ಮನೆಯಲ್ಲಿ ಅದನ್ನೇ ರೂಢಿ ಮಾಡಿದರು.

ಇಷ್ಟು ಹೇಳಿ, ಇದು ನಿಜವಾಗಿ ಏನು, ಎಂದು ನನ್ನ ಮುಖ ನೋಡಿದರು. ನಾನು ನನ್ನ ಮಗಳ ಕಡೆ ತಿರುಗಿದೆ.

"ಅವ್ವ, ಹೇಳೋದಾ? ಹಾರ್ಟ್ ಪೇಶಂಟ್ ಅದಾರ ಅವರು."

"ಇದ್ರ? ಕೇಳಾಕ ಬಂದವರನ್ನ ಹಂಗ ಕಳಸಾಕ ಆಗ್ತೈತೇನು?"

"ನಿನಗ ಸಲೀಸು. ಬಾಯಿ ನಂದಲ್ಲೇನು?"

"ಬಾಯಿ ನಿಂದು, ಮಾತು ನಮ್ಮೂರದ್ದು. ಹೇಳು."

ಅವರಿಬ್ಬರೂ ನಮ್ಮ ಬಾಯಿಯನ್ನೇ ನೋಡುತ್ತ ಕೂತಿದ್ದರು. ಮಗಳು ನೀರು ಕುಡಿದು, ಮೆಲ್ಲಗೆ ಹೇಳಿದಳು. ಇದು ಬೀಗ ಅಲ್ಲ. ಇದು ಹಿಂದಿ ಅಲ್ಲ. ಅಕ್ಕ ಎಂದರೆ ದೊಡ್ಡ ಸಹೋದರಿ. ನಿಮ್ಮ ಅಕ್ಕ ಬರುತ್ತಾಳೆ ಎಂದು ಹೇಳುತ್ತಿದ್ದಳು ಆ ಆಯಾ.

ಅಜ್ಜಾರು ಅಳಲಿಲ್ಲ. ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಆಯಾಗೆ ಹೇಗೆ ಗೊತ್ತಿತ್ತು?"

ಅವರ ಮಗಳು ಬಾಯಿಗೆ ಕೈ ಒತ್ತಿಕೊಂಡಿದ್ದಳು. ಆಕೆಗೆ ಮೊದಲು ಹೊಳೆದಿತ್ತು. ಆಗ ಅಜ್ಜಾರ ತಂದೆ ಕ್ಯಾಂಪಿನಲ್ಲಿ. ಮನೆಯಲ್ಲಿ ಇದ್ದದ್ದು ತಾಯಿಯೊಬ್ಬಳೇ. ಹೇಳಿದ್ದರೆ ಆ ತಾಯಿಯೇ ಹೇಳಿರಬೇಕು.

"ನನ್ನ ತಾಯಿಗೆ ಆ ಭಾಷೆ ಬರುತ್ತಿರಲಿಲ್ಲ," ಎಂದರು ಅಜ್ಜಾರು. "ಆಯಾಗೆ ಜರ್ಮನ್ ಬರುತ್ತಿರಲಿಲ್ಲ. ಹೇಗೆ ಹೇಳಿದ್ದಾಳು?"

ನನ್ನ ಮಗಳು ಇದನ್ನು ನನಗೆ ಹೇಳಿದಾಗ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ನಾನು ನೀವು ಹೆಂಗ ಮಾತಾಡ್ತೀವ್ರೀ ಅಜ್ಜಾರ?" ಎಂದೆ. ಎದ್ದು ನಿಂತು ತೋರಿಸಿದೆ. ಹೊಟ್ಟೆ ಮುಟ್ಟಿಕೊಂಡೆ, ನಾನು ಹೆತ್ತದ್ದು ಎಂದು. ನನ್ನ ಸೊಂಟದ ಹತ್ತಿರ ಕೈ ಹಿಡಿದೆ, ಇಷ್ಟೆತ್ತರದವಳು ಎಂದು. ಸಮುದ್ರದ ಕಡೆ ಕೈ ಚಾಚಿದೆ, ಅಲ್ಲಿದ್ದಾಳೆ ಎಂದು. ಆಮೇಲೆ ಕೈಯನ್ನು ಎದೆಗೆ ಎಳೆದುಕೊಂಡೆ. ಇನ್ನೊಬ್ಬ ಹೆಂಗಸಿಗೆ ಇದು ತಿಳಿಯಲಿಕ್ಕೆ ಇನ್ನೇನು ಬೇಕು?

ಅಜ್ಜಾರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನಕ್ಕೆ ಹೇಳಿದರು, ಆ ಊರಿನಲ್ಲಿ ಸಂಜೆ ಟಾಂಗಾ ಬರುವ ಸದ್ದಾದರೆ ತಾಯಿ ಕೈಯೊಳಗಿನದ್ದು ಬಿಟ್ಟು ಗೇಟಿಗೆ ಬರುತ್ತಿದ್ದಳು. ತನಗೆ ಕುದುರೆ ತೋರಿಸಲಿಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ ಎಂದರು. "ಟಯರ್ಡ್, ಮೇಡಂ," ಎಂದು ಎದ್ದು ಮಗಳ ಭುಜ ಹಿಡಿದುಕೊಂಡು ಹೋದರು.

ಮುಂದೆ ಕೆಲವು ದಿನ ಹೊರಗೆ ಕಾಣಲಿಲ್ಲ. ಅವರ ಕಸದ ಡಬ್ಬಿಗಳು ರಸ್ತೆಯಲ್ಲೇ ನಿಂತಿದ್ದವು. ಕೂಸನ್ನು ಮಗಳಿಗೆ ಕೊಟ್ಟು ನಾನೇ ಎಳೆದು ಒಳಗೆ ಹಾಕಿದೆ. ಹೇಳಬಾರದಿತ್ತೇನೋ ಎಂದು ಮಗಳು ಒಂದೇ ಸವನೆ ಗೊಣಗುತ್ತಿದ್ದಳು. ನಾನೂ ಕಿಟಕಿಯಿಂದ ಅವರ ಬಾಗಿಲನ್ನೇ ನೋಡುತ್ತಿದ್ದೆ.

ರವಿವಾರ ತಂದೆ ಮಗಳು ಬಂದು ಬಾಗಿಲು ಬಡಿದರು. ತಾಯಿಯ ಸಮಾಧಿಗೆ ಹೋಗುತ್ತಿದ್ದೇವೆ, ಮೇಡಂ ಬರುತ್ತಾರೇನು ಎಂದು ಕೇಳಿದರು. ಕೂಸನ್ನೂ ಕಟ್ಟಿಕೊಂಡು ಹೋದೆವು. ಗುಡ್ಡದ ಇಳಿಜಾರಿನಲ್ಲಿ ಹುಲ್ಲು, ಸಾಲು ಸಾಲು ಕಲ್ಲು, ಕೆಳಗೆ ಫ್ರೀವೇಯ ಸದ್ದು. ಅಜ್ಜಾರು ತಮ್ಮವರ ಪದ್ಧತಿಯಂತೆ ಒಂದು ಸಣ್ಣ ಹರಳನ್ನು ಕಲ್ಲಿನ ಮೇಲೆ ಇಟ್ಟು ಜರ್ಮನ್ ಭಾಷೆಯಲ್ಲಿ ಮಾತಾಡತೊಡಗಿದರು. ಬೈಯುತ್ತಿದ್ದರೋ ಬೇಡುತ್ತಿದ್ದರೋ. ಅವರ ಮಗಳಿಗೂ ಆ ಭಾಷೆ ಬರದು. ತಾಯಿ ಮಗನ ಮಾತು, ನಾವ್ಯಾರೂ ನಡುವೆ ಹೋಗಲಿಲ್ಲ. ಮುಗಿಸಿ ಬಂದು ಕಾರಿನಲ್ಲಿ ಕೂತು, ಮಗಳ ಕಡೆ ನೋಡದೆ, "ಕಲ್ಲಿನವನಿಗೆ ಹೇಳು," ಎಂದರು.

ಆಕೆ ಕಾರು ಚಾಲೂ ಮಾಡದೆ ಸ್ಟೇರಿಂಗಿಗೆ ತಲೆ ಆನಿಸಿ ಸ್ವಲ್ಪ ಹೊತ್ತು ಕೂತಳು.

ಆ ವರ್ಷ ನಾನು ಊರಿಗೆ ತಿರುಗಿ ಹೋದೆ. ಮತ್ತೆ ಬರುವ ಹೊತ್ತಿಗೆ ಪಕ್ಕದ ಮನೆಗೆ ಬೇರೆಯವರು ಬಂದಿದ್ದರು. ಅಜ್ಜಾರನ್ನು ಮಗಳು ಸ್ಕ್ರಿಪ್ಸ್ ರ್ಯಾಂಚಿಗೆ ಕರೆದುಕೊಂಡು ಹೋಗಿದ್ದಳು. ಒಮ್ಮೆ ನಾವು ಅಲ್ಲಿಗೆ ಹೋದೆವು. ನೀಲಗಿರಿ ಮರಗಳ ನಡುವೆ ಮನೆ. ಕಿಟಕಿಯ ಹತ್ತಿರ ಕುರ್ಚಿ, ಮೊಣಕಾಲ ಮೇಲೆ ಕಂಬಳಿ. ಬಸು ಆಗ ಓಡಾಡುತ್ತಿದ್ದ, ಅವರ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡು ಇಡೀ ಮನೆ ಎಳೆದಾಡಿದ. ಅವರು ಬೇಡ ಎನ್ನಲಿಲ್ಲ.

"ಸಿಟ್ಟು ಮಾಡುವುದೂ ಒಂದು ನೌಕರಿ, ಮೇಡಂ," ಎಂದರು. "ರಜೆ ಹಾಕದೆ ಮಾಡಿದೆ. ಈಗ ರಿಟೈರ್ ಆಗಿದ್ದೇನೆ. ಕೈ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ನನಗಾಗಿ ಅಲ್ಲ, ಆಕೆಗಾಗಿ ಬೇಸರ. ಕಾಯುತ್ತಿದ್ದವಳ ಮೇಲೆ ಸಿಟ್ಟು ಮಾಡಿದೆ."

ನಾನು ಅವರ ಕಂಬಳಿ ಸರಿಮಾಡಿದೆ. ಉಂಡಿ ತಂದಿದ್ದೆ, ಕಾಲು ಭಾಗ ತಿಂದು ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡು ನಿದ್ದೆ ಹೋದರು.

ಕೆಲವು ವಾರಕ್ಕೆ ಹೋಗಿಬಿಟ್ಟರು. ನಾವೆಲ್ಲ ಮಣ್ಣಿಗೆ ಹೋದೆವು. ಅವರಲ್ಲೂ ನಮ್ಮ ಹಾಗೆಯೇ ಬಂದವರೆಲ್ಲ ಮಣ್ಣು ಹಾಕುತ್ತಾರೆ. ತಾಯಿಯ ಪಕ್ಕಕ್ಕೇ ಜಾಗ. ತಾಯಿಯ ಕಲ್ಲಿನ ಮೇಲೆ ಕೆಳಗಿನ ಸಾಲು ಮಾತ್ರ ಹೊಸದಾಗಿ, ಬೆಳ್ಳಗೆ ಕಾಣುತ್ತಿತ್ತು. ಲಿಲ್ಲಿ ಎಂಬ ಹೆಸರು, ಹುಟ್ಟಿದ ವರ್ಷ. ಮುಂದೆ ಏನೂ ಇಲ್ಲ. ಎರಡನೆಯ ವರ್ಷ ಯಾರಿಗೂ ಗೊತ್ತಿಲ್ಲ. ಊಹಿಸಿ ಬರೆಯಬೇಡಿ, ಖಾಲಿ ಬಿಡಿ, ಎಂದು ಅಜ್ಜಾರೇ ಹೇಳಿದ್ದರಂತೆ.

ಅವರ ಸ್ವಂತ ಕಲ್ಲನ್ನು ವರ್ಷ ತುಂಬಿದ ಮೇಲೆ ನಿಲ್ಲಿಸಿದರು. ಹೋದ ತಿಂಗಳು ಆ ಕಾರ್ಯಕ್ಕೆ ಹೋಗಿದ್ದೆವು. ಮೇಲೆ ಹೊದಿಸಿದ್ದ ಬಟ್ಟೆ ತೆಗೆದರು. ನನಗೆ ಇಂಗ್ಲಿಷ್ ಓದಲು ಬಾರದು, ಶಿವಾನಿಯನ್ನು ಮುಂದೆ ತಳ್ಳಿದೆ. ಹೆಸರು ಓದಿದಳು. ಅದರ ಕೆಳಗೆ ಎಲ್ಲರೂ ಗಂಡ, ತಂದೆ ಎಂದು ಸುರು ಮಾಡುತ್ತಾರಂತೆ. ಇವರದ್ದರಲ್ಲಿ ಎಲ್ಲಕ್ಕಿಂತ ಮೊದಲು ಬೇರೆ ಇತ್ತು.

"ಬ್ರದರ್ ಆಫ್ ಲಿಲ್ಲಿ," ಎಂದು ಓದಿದಳು ಶಿವಾನಿ. "ಅಜ್ಜಿ, ವಾಸ್ ಹೀ ಹರ್ ಬಿಗ್ ಬ್ರದರ್?"

"ಅಲ್ಲವಾ. ಆಕಿ ದೊಡ್ಡಾಕಿ."

ಅವಳು ಎರಡು ಕಲ್ಲುಗಳನ್ನೂ ನೋಡಿದಳು. ಅಜ್ಜಾರು ಎಷ್ಟು ಮುದುಕರಿದ್ದರು ಎಂದು ಅವಳಿಗೆ ನೆನಪಿದೆ. ಅಜ್ಜಾರ ಮಗಳು ತೋರಿಸಿದ್ದ ಫೋಟೋದಲ್ಲಿನ ಹುಡುಗಿ ಅವಳಿಗಿಂತ ಚಿಕ್ಕವಳು. ತಲೆ ಕೆರೆದುಕೊಂಡು ತನ್ನ ತಮ್ಮನನ್ನು ಹುಡುಕಿಕೊಂಡು ಹೋದಳು, ಅವನು ಯಾವುದೋ ಕಲ್ಲಿನ ಮೇಲಿನ ಹರಳು ಎತ್ತಿಕೊಳ್ಳುತ್ತಿದ್ದ.

ಇಂಗ್ಲಿಷಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಶಬ್ದವಂತೆ. ಮುಂದೆ ಆ ಕಲ್ಲು ಓದುವವರು ಅವರ ವಯಸ್ಸು ನೋಡಿ ಅಣ್ಣ ಎಂದೇ ತಿಳಿಯುತ್ತಾರೆ. ಕಲ್ಲಿನವನ ತಪ್ಪೇನೂ ಅಲ್ಲ, ಅವರ ಭಾಷೆಯಲ್ಲಿ ಅಷ್ಟೇ ಇರುವುದು. ಅದಕ್ಕೇ ಸೊಂಟ ನೋವಾದರೂ ಕೂತು ಇಷ್ಟು ಬರೆದೆ. ಅವರು ಲಿಲ್ಲಿಯ ತಮ್ಮ.